ಹುಲ್ಲಿನ ಪರಾಗದ ಅಲರ್ಜಿಗೆ ಚರ್ಮದ ಪರೀಕ್ಷೆ: ಕರಾವಳಿಯವರಿಗೊಂದು ಕೈಪಿಡಿ

ಮಳೆಗಾಲದ ಅಬ್ಬರ ಇಳಿದು ಬಿಸಿಲು ಬಲಿಯತೊಡಗುವ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ತಿಂಗಳುಗಳಲ್ಲಿ ಮಂಗಳೂರು ಮತ್ತು ಉಡುಪಿಯ ಆಸುಪಾಸಿನ ಪದವುಗಳು, ಗದ್ದೆಯ ಹುಣಿಗಳು, ಹೆದ್ದಾರಿಯ ಅಂಚುಗಳು, ಮನೆ ಕಟ್ಟದೆ ಬಿಟ್ಟ ಸೈಟುಗಳು ಹುಲ್ಲಿನ ತೆನೆಗಳಿಂದ ತುಂಬಿಕೊಳ್ಳುತ್ತವೆ. ಅದೇ ತಿಂಗಳುಗಳಲ್ಲಿ ಕೆಲವರಿಗೆ ಒಂದರ ಹಿಂದೊಂದು ಸೀನು ಬರುತ್ತದೆ, ಮೂಗು ನೀರಿನಂತೆ ಸೋರುತ್ತದೆ, ಕಣ್ಣು ಮತ್ತು ಅಂಗುಳ ತುರಿಸುತ್ತವೆ. ಕೆಲವರಿಗೆ ರಾತ್ರಿ ಎದೆಯಲ್ಲಿ ಸುಯ್ ಎಂಬ ಸದ್ದು ಕೂಡ ಕೇಳಿಸುತ್ತದೆ. ಮನೆಯಲ್ಲಿ ಇದನ್ನು ಶೀತ ಎನ್ನುತ್ತಾರೆ, ಔಷಧದ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಾರೆ, ವರ್ಷಗಳು ಹಾಗೆಯೇ ಕಳೆಯುತ್ತವೆ. ಇದು ಹುಲ್ಲಿನ ಪರಾಗದಿಂದ ಬಂದದ್ದೋ, ಹಾಸಿಗೆಯ ಧೂಳಿನಿಂದ ಬಂದದ್ದೋ, ಗೋಡೆಯ ಬೂಷ್ಟಿನಿಂದ ಬಂದದ್ದೋ ಎಂಬುದನ್ನು ಬೇರ್ಪಡಿಸಿ ತಿಳಿಯಲು ಚರ್ಮದ ಚುಚ್ಚು ಪರೀಕ್ಷೆ, ಅಂದರೆ ಸ್ಕಿನ್ ಪ್ರಿಕ್ ಟೆಸ್ಟ್, ಈಗಲೂ ಎಲ್ಲಕ್ಕಿಂತ ಸರಳವಾದ ಮತ್ತು ನಂಬತಕ್ಕ ದಾರಿಯಾಗಿದೆ.

ಆದರೆ ಈ ಪರೀಕ್ಷೆಗೆ ಆಸ್ಪತ್ರೆಯಲ್ಲಿ ತಗಲುವ ಸಮಯ ಮುಕ್ಕಾಲು ಗಂಟೆಗಿಂತ ಹೆಚ್ಚಲ್ಲವಾದರೂ, ಅದು ಉಪಯೋಗಕ್ಕೆ ಬರುತ್ತದೆಯೋ ಇಲ್ಲವೋ ಎಂಬುದು ಆ ಮುಕ್ಕಾಲು ಗಂಟೆಯಲ್ಲಿ ತೀರ್ಮಾನವಾಗುವುದಿಲ್ಲ. ಅದಕ್ಕೂ ಮೊದಲಿನ ವಾರದಲ್ಲಿ ನೀವು ಯಾವ ಮಾತ್ರೆ ನುಂಗಿದಿರಿ, ನಿಮ್ಮ ತೊಂದರೆಯ ತಿಂಗಳುಗಳನ್ನು ಬರೆದಿಟ್ಟಿದ್ದೀರಾ, ಕೈಗೆ ಹಾಕಿದ ಹನಿಗಳಲ್ಲಿ ನಮ್ಮ ಊರಿನ ಹುಲ್ಲು ಇತ್ತೇ ಎಂಬ ಮೂರು ಸಂಗತಿಗಳೇ ಅದನ್ನು ತೀರ್ಮಾನಿಸುತ್ತವೆ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಪರೀಕ್ಷೆಯ ಹಿಂದಿನ ಮತ್ತು ಮುಂದಿನ ಕೆಲಸಗಳಿಗೇ ಮೀಸಲು.

ಪರೀಕ್ಷೆ ಎಂದರೇನು

ಕೆಲವರ ದೇಹ ಹುಲ್ಲಿನ ಪರಾಗದಲ್ಲಿರುವ ಪ್ರೋಟೀನನ್ನು ಅಪಾಯವೆಂದು ತಪ್ಪಾಗಿ ಗುರುತಿಸಿ, ಅದಕ್ಕೆಂದೇ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಈ ಪ್ರತಿಕಾಯಗಳು ಮೂಗು, ಕಣ್ಣು, ಶ್ವಾಸಕೋಶ ಮತ್ತು ಚರ್ಮದಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಕುಳಿತಿರುತ್ತವೆ. ಪರಾಗದ ಸಾರದ ಒಂದು ಹನಿಯನ್ನು ಮುಂಗೈಯ ಮೇಲಿಟ್ಟು ಅದರ ಮೂಲಕ ಚರ್ಮದ ಮೇಲ್ಪದರವನ್ನು ಸಣ್ಣ ಮೊನೆಯಿಂದ ಒತ್ತಿದಾಗ, ಆ ಪರಾಗಕ್ಕೆ ಹೊಂದುವ ಪ್ರತಿಕಾಯ ಅಲ್ಲಿದ್ದರೆ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಹಾಕುತ್ತವೆ, ಮತ್ತು 15ರಿಂದ 20 ನಿಮಿಷಗಳೊಳಗೆ ಅಲ್ಲಿ ಸೊಳ್ಳೆ ಕಚ್ಚಿದಂತಹ ತುರಿಸುವ ಉಬ್ಬು ಏಳುತ್ತದೆ. ಪ್ರತಿಕಾಯ ಇಲ್ಲದಿದ್ದರೆ ಏನೂ ಆಗುವುದಿಲ್ಲ.

ಈ ಪರೀಕ್ಷೆ ಹುಟ್ಟಿಕೊಂಡದ್ದೇ ಹುಲ್ಲಿನ ಪರಾಗದಿಂದ ಎಂಬುದು ನೆನಪಿಡತಕ್ಕ ವಿಷಯ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ತಾವೇ ಈ ಕಾಯಿಲೆಯಿಂದ ಬಳಲುತ್ತಿದ್ದವರು. ತಮ್ಮ ಕೈಯ ಚರ್ಮವನ್ನು ಗೀರಿ ಅದರ ಮೇಲೆ ಹುಲ್ಲಿನ ಪರಾಗವನ್ನಿಟ್ಟು ಏಳುವ ಊತವನ್ನು ಗಮನಿಸಿದರು ಮತ್ತು 1873ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಐಜಿಇ ಎಂಬ ವಸ್ತು ಪತ್ತೆಯಾಗುವುದಕ್ಕೆ ಆಮೇಲೆ ತೊಂಬತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಎರಡು ಬೇರೆ ಪರೀಕ್ಷೆಗಳೊಂದಿಗೆ ಇದನ್ನು ಬೆರೆಸಬಾರದು. ಹುಲ್ಲು ಕೊಯ್ದ ಮೇಲೆ ಅಥವಾ ಕಾಂಗ್ರೆಸ್ ಗಿಡ ತಾಗಿದ ಮೇಲೆ ಒಂದೆರಡು ದಿನ ಕಳೆದು ಚರ್ಮದಲ್ಲಿ ಕಜ್ಜಿಯಂತಹ ಉರಿತ ಬರುವವರಿಗೆ ಬೇಕಾದದ್ದು ಪ್ಯಾಚ್ ಪರೀಕ್ಷೆ. ಅದರಲ್ಲಿ ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ನೋಡುತ್ತಾರೆ. ಇನ್ನೊಂದು, ಚರ್ಮದ ಒಳಪದರಕ್ಕೆ ಸೂಜಿಯಿಂದ ಸಾರವನ್ನು ಸೇರಿಸುವ ಇಂಟ್ರಾಡರ್ಮಲ್ ಪರೀಕ್ಷೆ. ಇದು ಹೆಚ್ಚು ಸೂಕ್ಷ್ಮವಾದರೂ ಅಲರ್ಜಿ ಇಲ್ಲದವರಲ್ಲಿಯೂ ಪಾಸಿಟಿವ್ ತೋರಿಸುವ ಸಾಧ್ಯತೆ ಹೆಚ್ಚು, ಇಡೀ ದೇಹಕ್ಕೆ ಪ್ರತಿಕ್ರಿಯೆ ಹರಡುವ ಅಪಾಯವೂ ಹೆಚ್ಚು. ಪರಾಗದ ಅಲರ್ಜಿಗೆ ಮೊದಲು ಮಾಡಬೇಕಾದದ್ದು ಚುಚ್ಚು ಪರೀಕ್ಷೆಯೇ. ನೇರವಾಗಿ ಸೂಜಿಯ ಪರೀಕ್ಷೆಗೆ ಬರೆದುಕೊಟ್ಟರೆ ಅದಕ್ಕೆ ಕಾರಣವೇನೆಂದು ಕೇಳುವುದರಲ್ಲಿ ತಪ್ಪಿಲ್ಲ.

ಮೊದಲು ಒಂದು ಪುಸ್ತಕ ಇಡಿ

ವೈದ್ಯರ ಬಳಿಗೆ ಹೋಗುವ ಮೊದಲು, ಸಾಧ್ಯವಾದರೆ ಒಂದು ಇಡೀ ವರ್ಷದ, ಆಗದಿದ್ದರೆ ನೆನಪಿದ್ದಷ್ಟು ತಿಂಗಳುಗಳ ತೊಂದರೆಯನ್ನು ಬರೆದಿಡಿ. ಯಾವ ತಿಂಗಳು, ದಿನದ ಯಾವ ಹೊತ್ತು, ಮನೆಯೊಳಗೋ ಹೊರಗೋ, ಆಗ ಏನು ಕೆಲಸ ಮಾಡುತ್ತಿದ್ದಿರಿ ಎಂಬಿಷ್ಟು ಸಾಕು. ಕರಾವಳಿಯಲ್ಲಿ ಈ ಬರವಣಿಗೆಗೆ ವಿಶೇಷ ಬೆಲೆಯಿದೆ, ಏಕೆಂದರೆ ಇಲ್ಲಿನ ತೇವದ ಹವೆ ಧೂಳಿನ ಹುಳಕ್ಕೂ ಬೂಷ್ಟಿಗೂ ವರ್ಷವಿಡೀ ಅನುಕೂಲವಾಗಿರುವುದರಿಂದ, ಒಬ್ಬನೇ ವ್ಯಕ್ತಿಯ ಚರ್ಮ ಹುಲ್ಲೂ ಸೇರಿ ಮೂರಕ್ಕೂ ಉಬ್ಬನ್ನು ತೋರಿಸಬಹುದು. ಆಗ ನಿಜವಾಗಿ ತೊಂದರೆ ಕೊಡುತ್ತಿರುವುದು ಯಾವುದೆಂದು ಹೇಳುವುದು ನೀವು ಬರೆದಿಟ್ಟ ತಿಂಗಳುಗಳೇ.

ಜೂನ್‌ನಿಂದ ಆಗಸ್ಟ್‌ವರೆಗೆ ಬಾಗಿಲು ಮುಚ್ಚಿಕೊಂಡು ಒಳಗಿರುವಾಗ, ಕಪಾಟಿನ ಬಟ್ಟೆಗೆ ಮುಗ್ಗಲು ವಾಸನೆ ಬರುವ ದಿನಗಳಲ್ಲಿ ಸೀನು ಹೆಚ್ಚಾದರೆ ಹುಲ್ಲಿನ ಮೇಲೆ ಅನುಮಾನ ಪಡಬೇಕಾದದ್ದಿಲ್ಲ. ವರ್ಷವಿಡೀ ಬೆಳಿಗ್ಗೆ ಹಾಸಿಗೆ ಕೊಡವುವಾಗ, ಅಟ್ಟ ಗುಡಿಸುವಾಗ ಬರುವ ಸೀನು ಧೂಳಿನ ಹುಳವನ್ನು ಸೂಚಿಸುತ್ತದೆ. ಮಳೆ ಬಿಟ್ಟ ಮೇಲೆ ಶುರುವಾಗಿ, ಹೊರಗೆ ಹೋದಾಗ ಹೆಚ್ಚಾಗಿ, ಹುಲ್ಲು ಒಣಗಿ ಬಣ್ಣಗೆಡುವ ಹೊತ್ತಿಗೆ ತಗ್ಗುವ ತೊಂದರೆಯಾದರೆ ಪರಾಗದ ಸಾಧ್ಯತೆ ಬಲವಾಗುತ್ತದೆ. ಜನವರಿಯ ಹೊತ್ತಿಗೆ ಮಾವು, ಗೇರು ಹೂ ಬಿಟ್ಟಾಗ ಅವುಗಳ ಮೇಲೆ ದೂರು ಹೊರಿಸುವುದು ನಮ್ಮಲ್ಲಿ ರೂಢಿ. ಆದರೆ ಆ ಮರಗಳ ಪರಾಗಸ್ಪರ್ಶ ಮುಖ್ಯವಾಗಿ ಕೀಟಗಳಿಂದ ನಡೆಯುವುದರಿಂದ ಅವುಗಳ ಪರಾಗ ಹುಲ್ಲಿನ ಪರಾಗದಂತೆ ಗಾಳಿಯಲ್ಲಿ ದೂರ ಸಾಗುವುದಿಲ್ಲ.

ಬೈಹುಲ್ಲಿನ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ದನಕ್ಕೆ ಹಾಕಲು ಬೈಹುಲ್ಲಿನ ರಾಶಿಯಿಂದ ಹಿಡಿ ಹಿಡಿಯಾಗಿ ಎಳೆಯುವಾಗ ಸೀನು ಬಂದರೆ ಅದು ಹುಲ್ಲಿನ ಅಲರ್ಜಿ ಎಂದು ತಿಳಿಯುವವರು ಬಹಳ. ತೆನೆ ಹೂ ಬಿಟ್ಟು, ಕಾಳು ಕಟ್ಟಿ, ಕೊಯ್ಲು ಮುಗಿದು ಒಣಗಿದ ಹುಲ್ಲಿನಲ್ಲಿ ಪರಾಗಕ್ಕಿಂತ ಬೂಷ್ಟು, ಹುಳ ಮತ್ತು ಧೂಳೇ ಹೆಚ್ಚು. ಹಟ್ಟಿಯ ಕೆಲಸದಲ್ಲಿ ಬರುವ ಸೀನನ್ನು ಪುಸ್ತಕದಲ್ಲಿ ಬೇರೆಯಾಗಿಯೇ ಬರೆಯಿರಿ.

ಯಾವ ಹುಲ್ಲಿನ ಹನಿ?

ಇದು ನನ್ನ ಅಭಿಪ್ರಾಯದಲ್ಲಿ ರೋಗಿಗಳು ಕೇಳಲೇಬೇಕಾದ, ಆದರೆ ಹೆಚ್ಚಿನವರು ಕೇಳದೆ ಬಿಡುವ ಪ್ರಶ್ನೆ. ಹುಲ್ಲು ಎಂದರೆ ಒಂದೇ ಗಿಡವಲ್ಲ. ಭತ್ತ, ಕಬ್ಬು, ಜೋಳ, ಬಿದಿರು, ಗರಿಕೆ, ಗುಡ್ಡದ ಮುಳಿಹುಲ್ಲು ಎಲ್ಲವೂ ಒಂದೇ ದೊಡ್ಡ ಕುಟುಂಬಕ್ಕೆ ಸೇರಿದವು. ಆ ಕುಟುಂಬದೊಳಗೆ ಹತ್ತಿರದ ಬಳಗ, ದೂರದ ಬಳಗ ಎಂದು ಇವೆ. ಅಲರ್ಜಿಯ ವಿಜ್ಞಾನ ಬಹುಮಟ್ಟಿಗೆ ಯುರೋಪಿನಲ್ಲಿ ಬೆಳೆದುದರಿಂದ, ಅಲ್ಲಿ ಪರೀಕ್ಷೆಗೆ ಹೆಚ್ಚಾಗಿ ಬಳಸುವ ಹುಲ್ಲುಗಳು ಟಿಮೋಥಿ ಮತ್ತು ರೈ ಹುಲ್ಲು. ಇವು ತಂಪು ದೇಶದವು, ನಮ್ಮ ಪದವಿನಲ್ಲಿ ಬೆಳೆಯುವಂತಹವಲ್ಲ. ಟಿಮೋಥಿಯ ಬಳಗದ ಹುಲ್ಲುಗಳು ಪರಸ್ಪರ ಎಷ್ಟು ಹೋಲುತ್ತವೆಯೆಂದರೆ ಒಂದಕ್ಕೆ ಅಲರ್ಜಿ ಇದ್ದವರ ಚರ್ಮ ಸಾಮಾನ್ಯವಾಗಿ ಎಲ್ಲದಕ್ಕೂ ಉಬ್ಬುತ್ತದೆ. ಗರಿಕೆ ಆ ಬಳಗಕ್ಕೆ ಸೇರಿದ್ದಲ್ಲ. ಟಿಮೋಥಿ ಮತ್ತು ಗರಿಕೆಗಳ ನಡುವೆ ಅಲರ್ಜಿ ತರುವ ಪರಾಗದ ಪ್ರೋಟೀನುಗಳ ಪೈಕಿ ವಿಜ್ಞಾನಿಗಳು ಒಂದನೆಯ ಗುಂಪು ಎಂದು ಕರೆಯುವವುಗಳಲ್ಲಿ ಸ್ವಲ್ಪ ಹೋಲಿಕೆ ಇದೆ. ಟಿಮೋಥಿಯಲ್ಲಿ ಮುಖ್ಯವಾದ ಐದನೆಯ ಗುಂಪಿನ ಪ್ರೋಟೀನು ಗರಿಕೆಯಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಟಿಮೋಥಿಯ ಹನಿಯೊಂದನ್ನೇ ಹಾಕಿ ನೆಗೆಟಿವ್ ಬಂದರೆ, ಗರಿಕೆಯ ಅಲರ್ಜಿ ಇಲ್ಲವೆಂದು ಅದರಿಂದ ತೀರ್ಮಾನಿಸಲಾಗುವುದಿಲ್ಲ.

ಗರಿಕೆಯ ಸೀಸೆಯ ಮೇಲೆ ಸೈನೋಡಾನ್ ಡ್ಯಾಕ್ಟಿಲಾನ್ ಎಂದೋ ಬರ್ಮುಡಾ ಗ್ರಾಸ್ ಎಂದೋ ಬರೆದಿರುತ್ತದೆ. ಚೌತಿಯಂದು ಗಣಪತಿಗೆ ಏರಿಸುವ ಗರಿಕೆ ಇದೇ. ಪೂಜೆಗೆ ಚಿವುಟುವುದು ಎಳೆಯ ಕುಡಿಗಳಾದ್ದರಿಂದ ಅದರಲ್ಲಿ ಪರಾಗ ಇರುವುದಿಲ್ಲ. ಬಿಟ್ಟರೆ ಅದು ಒಂದೇ ಬಿಂದುವಿನಿಂದ ಬೆರಳುಗಳಂತೆ ಕವಲೊಡೆಯುವ, ನೇರಳೆ ಛಾಯೆಯ ತೆಳು ಕಡ್ಡಿಗಳ ಹೂವನ್ನು ತರುತ್ತದೆ. ಅಂಗಳದ ಮೂಲೆಯಲ್ಲಿ ಬಗ್ಗಿ ನೋಡಿದರೆ ಆ ಕಡ್ಡಿಗಳ ಅಂಚಿನಲ್ಲಿ ನೇತಾಡುವ ಸಣ್ಣ ಪರಾಗಕೋಶಗಳು ಬರಿಗಣ್ಣಿಗೂ ಕಾಣುತ್ತವೆ. ದೊಡ್ಡ ಲಾನ್ ಇರುವ ಮನೆ, ಶಾಲೆಯ ಆಟದ ಮೈದಾನ, ಸಮುದ್ರದ ಬದಿಯ ಉದ್ಯಾನಗಳಲ್ಲಿಯೂ ಇದು ಸಾಮಾನ್ಯ.

ಹಾಗಾಗಿ ದಿನ ಗೊತ್ತುಮಾಡುವಾಗ, ಪ್ಯಾನೆಲ್‌ನಲ್ಲಿ, ಅಂದರೆ ಪರೀಕ್ಷೆಗೆ ಹಾಕುವ ಹನಿಗಳ ಪಟ್ಟಿಯಲ್ಲಿ, ಗರಿಕೆ ಇದೆಯೇ, ಜೋಳದ ಬಳಗದ ಹುಲ್ಲು ಒಂದಾದರೂ ಇದೆಯೇ, ಭತ್ತದ ಪರಾಗ ಇದೆಯೇ, ಜೊತೆಗೆ ಧೂಳಿನ ಹುಳ, ಬೂಷ್ಟು, ಜಿರಳೆ ಮತ್ತು ಸಾಕುಪ್ರಾಣಿಗಳ ಹನಿಗಳೂ ಇವೆಯೇ ಎಂದು ವಿಚಾರಿಸಿ. ತೆಂಗಿನ ಪರಾಗವೂ ಕೆಲವು ಪ್ಯಾನೆಲ್‌ಗಳಲ್ಲಿರುತ್ತದೆ, ತೋಟದ ಮನೆಯವರು ಅದನ್ನೂ ಕೇಳಬೇಕು. ಆದರೆ ಹನಿಗಳ ಸಂಖ್ಯೆಯನ್ನು ನೋಡಿ ಮರುಳಾಗಬೇಡಿ. ನಿಮ್ಮ ತೊಂದರೆಯ ತಿಂಗಳು ಮತ್ತು ಜಾಗಕ್ಕೆ ಹೊಂದಿಸಿ ಆರಿಸಿದ 10–15 ಹನಿಗಳು, ಯಾವುದೋ ಪಟ್ಟಿಯಿಂದ ಎತ್ತಿದ 70 ಹನಿಗಳಿಗಿಂತ ಹೆಚ್ಚು ಹೇಳುತ್ತವೆ. ನೀವು ದಿನಾ ತಿಂದು ಅರಗಿಸಿಕೊಳ್ಳುತ್ತಿರುವ ಅಕ್ಕಿ, ತೆಂಗಿನಕಾಯಿ, ಬದನೆಯನ್ನೆಲ್ಲ ಸೀನಿನ ಕಾರಣಕ್ಕಾಗಿ ಪರೀಕ್ಷಿಸಿ, ಬಂದ ಸಣ್ಣ ಉಬ್ಬುಗಳನ್ನು ನಂಬಿ ಊಟ ಬಿಡಿಸುವ ಪದ್ಧತಿ ರೋಗಿಗೆ, ಅದರಲ್ಲೂ ಮಕ್ಕಳಿಗೆ, ಹಾನಿಯನ್ನೇ ಮಾಡುತ್ತದೆ.

ಈ ಪರೀಕ್ಷೆಯನ್ನು ಕಿವಿ-ಮೂಗು-ಗಂಟಲು, ಚರ್ಮ ಮತ್ತು ಶ್ವಾಸಕೋಶ ವಿಭಾಗಗಳ ವೈದ್ಯರಲ್ಲಿ ಅಲರ್ಜಿಯ ತರಬೇತಿ ಪಡೆದವರು ಮಾಡುತ್ತಾರೆ. ಮಣಿಪಾಲ, ಕಂಕನಾಡಿ, ದೇರಳಕಟ್ಟೆಗಳಲ್ಲಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೇ ಇರುವುದರಿಂದ ನಮ್ಮ ಎರಡು ಜಿಲ್ಲೆಗಳವರು ವಿಚಾರಿಸಲು ದೂರ ಹೋಗಬೇಕಾದದ್ದಿಲ್ಲ; ಯಾವ ವಿಭಾಗದಲ್ಲಿ, ವಾರದ ಯಾವ ದಿನ ಮಾಡುತ್ತಾರೆ ಎಂಬುದನ್ನು ಮೊದಲೇ ಫೋನ್ ಮಾಡಿ ತಿಳಿದುಕೊಂಡರೆ ಒಂದು ದಿನದ ಓಡಾಟ ಉಳಿಯುತ್ತದೆ.

ಮಾತ್ರೆ ನಿಲ್ಲಿಸುವುದು

ಪರೀಕ್ಷೆಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೆಡಿಸುವುದು ಆಂಟಿಹಿಸ್ಟಮಿನ್ ಮಾತ್ರೆಗಳು. ಅವು ಹಿಸ್ಟಮಿನಿನ ಕೆಲಸವನ್ನೇ ತಡೆಯುವುದರಿಂದ, ಅಲರ್ಜಿ ಇದ್ದರೂ ಉಬ್ಬು ಏಳುವುದಿಲ್ಲ. ಸೆಟಿರಿಜಿನ್, ಲೆವೋಸೆಟಿರಿಜಿನ್, ಫೆಕ್ಸೋಫೆನಡಿನ್, ಲೊರಾಟಡಿನ್, ಬಿಲಾಸ್ಟಿನ್, ಹೈಡ್ರಾಕ್ಸಿಜಿನ್ ಮುಂತಾದವುಗಳನ್ನು ಸಾಮಾನ್ಯವಾಗಿ 7 ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ನಿಮ್ಮ ವೈದ್ಯರು ಹೇಳಿದ ದಿನಗಳ ಲೆಕ್ಕವೇ ಅಂತಿಮ.

ಹೆಸರು ಗೊತ್ತಿರುವ ಮಾತ್ರೆಯನ್ನು ಎಲ್ಲರೂ ನಿಲ್ಲಿಸುತ್ತಾರೆ. ತಪ್ಪುವುದು ಬೇರೆ ಹೆಸರಿನಲ್ಲಿ ಅಡಗಿರುವುದರಿಂದ. ಅಲರ್ಜಿಗೆ ಕೊಡುವ ಇನ್ನೊಂದು ಔಷಧವಾದ ಮಾಂಟೆಲುಕಾಸ್ಟ್ ಒಂದೇ ಇರುವ ಮಾತ್ರೆ ಪರೀಕ್ಷೆಗೆ ಅಡ್ಡಿಯಲ್ಲ, ಆದರೆ ನಮ್ಮಲ್ಲಿ ಹೆಚ್ಚಾಗಿ ಬರೆದುಕೊಡುವುದು ಮಾಂಟೆಲುಕಾಸ್ಟ್ ಮತ್ತು ಲೆವೋಸೆಟಿರಿಜಿನ್ ಕೂಡಿದ ಮಾತ್ರೆಯನ್ನು, ಅದು ಅಡ್ಡಿ. ಶೀತಜ್ವರಕ್ಕೆ ಅಂಗಡಿಯಲ್ಲಿ ಕೊಡುವ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆಗೆ ಕ್ಲೋರ್‌ಫೆನಿರಮೈನ್ ಇರುತ್ತದೆ. ಹಲವು ಕೆಮ್ಮಿನ ಸಿರಪ್‌ಗಳಲ್ಲಿಯೂ ಅದೇ ಇದೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಯ ತಿರುವುಗಳಿಗೆ ಹೆದರಿ ಬಸ್ಸು ಹತ್ತುವ ಮೊದಲು ನುಂಗುವ ವಾಂತಿಯ ಮಾತ್ರೆ ಬಹುತೇಕ ಪ್ರೊಮೆಥಜಿನ್ ಅಥವಾ ಅಂತಹದೇ ಇನ್ನೊಂದು ಆಂಟಿಹಿಸ್ಟಮಿನ್. ಮಗು ಊಟ ಮಾಡುವುದಿಲ್ಲವೆಂದು ಕೊಡುವ ಹಸಿವಿನ ಸಿರಪ್‌ಗಳಲ್ಲಿ ಸೈಪ್ರೊಹೆಪ್ಟಡಿನ್ ಇರುವುದುಂಟು, ಅದೂ ಇದೇ ಜಾತಿಯದು. ಮೂಗಿಗೆ ಹಾಕುವ ಅಜೆಲಾಸ್ಟಿನ್ ಸ್ಪ್ರೇಯನ್ನೂ ನಿಲ್ಲಿಸಬೇಕಾಗುತ್ತದೆ, ಆದರೆ ಸ್ಟೀರಾಯ್ಡ್ ಮಾತ್ರ ಇರುವ ಮೂಗಿನ ಸ್ಪ್ರೇ ತೊಂದರೆ ಕೊಡುವುದಿಲ್ಲ. ಇಷ್ಟೆಲ್ಲವನ್ನು ಬಾಯಿಪಾಠ ಮಾಡುವ ಬದಲು, ಮನೆಯಲ್ಲಿ ನೀವು ಬಳಸುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಮತ್ತು ಬಾಟಲಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹತ್ತು ದಿನ ಮೊದಲೇ ವೈದ್ಯರಿಗೆ ತೋರಿಸಿಬಿಡುವುದು ಸುಲಭ.

ಖಿನ್ನತೆಗೆ, ತಲೆನೋವಿಗೆ ಅಥವಾ ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಡಾಕ್ಸೆಪಿನ್‌ಗಳೂ ಉಬ್ಬನ್ನು ತಡೆಯುತ್ತವೆ. ಇವುಗಳನ್ನು ಬರೆದುಕೊಟ್ಟ ವೈದ್ಯರನ್ನು ಕೇಳದೆ ನಿಲ್ಲಿಸಲೇಬಾರದು. ದಮ್ಮಿನ ಇನ್‌ಹೇಲರನ್ನು ನಿಲ್ಲಿಸುವ ಅಗತ್ಯವಿಲ್ಲ, ನಿಲ್ಲಿಸುವುದು ಅಪಾಯವೂ ಹೌದು. ರಕ್ತದೊತ್ತಡ, ಸಕ್ಕರೆಕಾಯಿಲೆಯ ಮಾತ್ರೆಗಳು ಎಂದಿನಂತೆಯೇ ನಡೆಯಲಿ. ಆದರೆ ಅಟೆನೊಲಾಲ್, ಮೆಟೊಪ್ರೊಲಾಲ್‌ನಂತಹ ಬೀಟಾ ಬ್ಲಾಕರ್ ತೆಗೆದುಕೊಳ್ಳುತ್ತಿದ್ದರೆ ಮುಂಚಿತವಾಗಿ ಹೇಳಿ, ಏಕೆಂದರೆ ಅಪರೂಪಕ್ಕೆ ತೀವ್ರ ಪ್ರತಿಕ್ರಿಯೆಯಾದಾಗ ಕೊಡುವ ಅಡ್ರಿನಲಿನ್ ಅಂಥವರಲ್ಲಿ ಸರಿಯಾಗಿ ಕೆಲಸ ಮಾಡದೆ ಹೋಗಬಹುದು. ಮುಂಗೈಗೆ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದರೆ ಅದನ್ನೂ ತಿಳಿಸಬೇಕು.

ಆಂಟಿಹಿಸ್ಟಮಿನ್ ಇಲ್ಲದೆ ಒಂದು ವಾರ ಇರುವುದು ಹುಲ್ಲು ಹೂ ಬಿಟ್ಟ ಅಕ್ಟೋಬರ್‌ನಲ್ಲಿ ಬಹಳ ಕಷ್ಟ. ಈ ಕಾರಣಕ್ಕಾಗಿ ತೊಂದರೆ ತಗ್ಗಿರುವ ತಿಂಗಳಲ್ಲಿ, ಉದಾಹರಣೆಗೆ ಫೆಬ್ರವರಿ ಮಾರ್ಚ್‌ನಲ್ಲಿ, ಪರೀಕ್ಷೆ ಮಾಡಿಸಿಕೊಳ್ಳುವುದು ಜಾಣತನ. ಪರಾಗ ಗಾಳಿಯಲ್ಲಿ ಇಲ್ಲದ ಕಾಲದಲ್ಲಿಯೂ ಪ್ರತಿಕಾಯ ಚರ್ಮದಲ್ಲಿ ಇದ್ದೇ ಇರುತ್ತದೆ. ಮಾತ್ರೆಯನ್ನು ಯಾವ ಕಾಲದಲ್ಲಿಯೂ ಬಿಡಲಾಗದವರಿಗೆ, ಬೆರಳಲ್ಲಿ ಒಂದು ಗೀರೆಳೆದರೂ ಚರ್ಮ ದಡಿಯಾಗಿ ಉಬ್ಬುವವರಿಗೆ, ಮುಂಗೈಯಲ್ಲಿ ಇಸುಬು ಹರಡಿರುವವರಿಗೆ ರಕ್ತದಲ್ಲಿ ಐಜಿಇಯನ್ನು ಅಳೆಯುವ ಪರೀಕ್ಷೆ ಇದೆ. ಅದಕ್ಕೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಕಾಗಿಲ್ಲ. ಐಜಿಜಿ ಎಂಬ ಬೇರೆ ಬಗೆಯ ಪ್ರತಿಕಾಯವನ್ನು ಅಳೆದು ಅಲರ್ಜಿ ಹೇಳುತ್ತೇವೆ ಎನ್ನುವ ಪ್ಯಾಕೇಜುಗಳು ಮಾತ್ರ ಇದಕ್ಕೆ ಬದಲಿಯಲ್ಲ, ಅವುಗಳಿಗೆ ಹಣ ಸುರಿಯಬೇಡಿ.

ದಮ್ಮು ಹತೋಟಿಯಲ್ಲಿ ಇಲ್ಲದಿರುವಾಗ ಚುಚ್ಚು ಪರೀಕ್ಷೆಯನ್ನು ಮುಂದೂಡಬೇಕು. ಗರ್ಭಿಣಿಯರಲ್ಲಿಯೂ ಸಾಮಾನ್ಯವಾಗಿ ಹೆರಿಗೆಯಾಗುವವರೆಗೆ ಕಾಯುತ್ತಾರೆ. ತೀವ್ರ ಅಲರ್ಜಿಯಿಂದ ಈಚೆಗೆ ಕುಸಿದುಬಿದ್ದವರು 4ರಿಂದ 6 ವಾರ ಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಚರ್ಮ ಪ್ರತಿಕ್ರಿಯಿಸದೆ ಇರಬಹುದು.

ಪರೀಕ್ಷೆಯ ದಿನ

ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗಿಲ್ಲ, ತಿಂಡಿ ತಿಂದೇ ಹೋಗಿ. ಅಂದು ಬೆಳಿಗ್ಗೆ ಎಣ್ಣೆಸ್ನಾನ ಬೇಡ, ಮುಂಗೈಗೆ ತೆಂಗಿನೆಣ್ಣೆಯಾಗಲಿ ಲೋಷನ್ ಆಗಲಿ ಹಚ್ಚಬೇಡಿ. ಜಿಡ್ಡಿನ ಮೇಲೆ ಹನಿ ನಿಲ್ಲದೆ ಹರಿದು ಪಕ್ಕದ ಹನಿಯೊಂದಿಗೆ ಸೇರಿಕೊಳ್ಳುತ್ತದೆ. ನಮ್ಮ ಊರಿನ ಬೆವರೂ ಅದನ್ನೇ ಮಾಡುತ್ತದೆ, ಆದ್ದರಿಂದ ಬಸ್ಸಿನಿಂದ ಇಳಿದವರು ಫ್ಯಾನಿನ ಕೆಳಗೆ ಹತ್ತು ನಿಮಿಷ ಕುಳಿತು ಕೈ ಆರಿದ ಮೇಲೆ ಒಳಗೆ ಹೋಗಿ. ಮದುವೆಯ ಮದರಂಗಿ ಮುಂಗೈವರೆಗೆ ಏರಿದ್ದರೆ ಬಣ್ಣ ಮಾಸುವವರೆಗೆ ದಿನವನ್ನು ಮುಂದಕ್ಕೆ ಹಾಕಿಸಿ. ತೋಳು ಸುಲಭವಾಗಿ ಮಡಚುವ ಅಂಗಿ ತೊಟ್ಟು, ಬಳೆ ಮತ್ತು ವಾಚನ್ನು ತೆಗೆದಿಡಿ.

ಮುಂಗೈಯ ಒಳಮೈಯನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಪೆನ್ನಿನಿಂದ ಗುರುತು ಹಾಕುತ್ತಾರೆ. ಗುರುತುಗಳ ನಡುವೆ ಕನಿಷ್ಠ 2 ಸೆಂಟಿಮೀಟರ್ ಅಂತರವಿರಬೇಕು. ಮಣಿಕಟ್ಟಿನ ಮತ್ತು ಮೊಣಕೈ ಮಡಿಕೆಯ ತೀರ ಹತ್ತಿರ ಹಾಕಬಾರದು. ಪ್ರತಿ ಗುರುತಿನ ಪಕ್ಕ ಒಂದೊಂದು ಹನಿ ಇಟ್ಟು, ಸುಮಾರು 1 ಮಿಲಿಮೀಟರ್ ಮೊನೆಯ ಲ್ಯಾನ್ಸೆಟ್‌ನಿಂದ ಹನಿಯ ನಡುವೆ ಒಂದು ಕ್ಷಣ ಒತ್ತಿ ತೆಗೆಯುತ್ತಾರೆ. ಉಗುರಿನಿಂದ ಅದುಮಿದಷ್ಟೇ ನೋವು, ರಕ್ತ ಬರಬಾರದು. ಒಂದೊಂದು ಹನಿಗೂ ಹೊಸ ಲ್ಯಾನ್ಸೆಟ್ ಬೇಕು. ಒಂದೇ ಲ್ಯಾನ್ಸೆಟನ್ನು ಹತ್ತಿಯಿಂದ ಒರೆಸಿ ಮುಂದಿನ ಹನಿಗೂ ಬಳಸಿದರೆ ಒಂದರ ಸಾರ ಇನ್ನೊಂದಕ್ಕೆ ಸೇರಿ ಫಲಿತಾಂಶ ಸುಳ್ಳಾಗುತ್ತದೆ.

ಪರಾಗದ ಹನಿಗಳ ಜೊತೆಗೆ ಎರಡು ಸಾಕ್ಷಿ ಹನಿಗಳಿರುತ್ತವೆ, ಪರೀಕ್ಷೆಯ ನಂಬಿಕೆ ಇವುಗಳ ಮೇಲೆಯೇ ನಿಂತಿದೆ. ಒಂದು ಹಿಸ್ಟಮಿನ್, ಅಲ್ಲಿ ಎಲ್ಲರಿಗೂ ಉಬ್ಬು ಏಳಲೇಬೇಕು. ಇನ್ನೊಂದು ಬರೀ ಉಪ್ಪುನೀರು, ಅಲ್ಲಿ ಏನೂ ಏಳಬಾರದು. ಹಿಸ್ಟಮಿನ್ ಜಾಗ ಸಮತಟ್ಟಾಗಿಯೇ ಉಳಿದರೆ ದೇಹದಲ್ಲಿ ಇನ್ನೂ ಯಾವುದೋ ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ; ಅಂದಿನ ನೆಗೆಟಿವ್‌ಗಳೆಲ್ಲ ವ್ಯರ್ಥ. ಉಪ್ಪುನೀರಿನ ಜಾಗವೂ ಉಬ್ಬಿದರೆ ಚರ್ಮ ಬರೀ ಒತ್ತಡಕ್ಕೇ ಕೆರಳುತ್ತಿದೆ ಎಂದರ್ಥ. ಅಂದಿನ ಪಾಸಿಟಿವ್‌ಗಳನ್ನು ನಂಬುವಂತಿಲ್ಲ.

ಮುಂದಿನ 15–20 ನಿಮಿಷ ಕೈಯನ್ನು ಮೇಜಿನ ಮೇಲೆ ಚಾಚಿ ಸುಮ್ಮನಿರಬೇಕು. ಮೊದಲು ಹಿಸ್ಟಮಿನ್ ಹಾಕಿದ ಜಾಗ ತುರಿಸತೊಡಗುತ್ತದೆ. ಆಮೇಲೆ, ಅಲರ್ಜಿ ಇದ್ದರೆ, ಗರಿಕೆಯ ಗುರುತಿನ ಪಕ್ಕದಲ್ಲಿ ಚರ್ಮ ಮಸುಕಾಗಿ ಬಿಳಿಚಿ, ಅಂಚು ಎದ್ದು, ಕೆಲವೊಮ್ಮೆ ಒಂದು ಬದಿಗೆ ಕಾಲು ಚಾಚಿದಂತೆ ಹರಡುತ್ತದೆ. ಆಗ ಕೆರೆಯಬಾರದು. ನಮ್ಮ ಮೈಬಣ್ಣದಲ್ಲಿ ಸುತ್ತಲಿನ ಕೆಂಪು ಸರಿಯಾಗಿ ಕಾಣದಿರಬಹುದು, ಹಾಗಾಗಿ ಕೆಂಪನ್ನು ನೋಡಿ ಅಲ್ಲ, ಉಬ್ಬಿನ ಅಂಚನ್ನು ಬೆರಳಿನಿಂದ ಸವರಿ ಗುರುತಿಸಿ, ಪೆನ್ನಿನಿಂದ ಸುತ್ತಲೂ ಗೆರೆ ಎಳೆದು, ಅತಿ ಉದ್ದದ ಅಳತೆ ಮತ್ತು ಅದಕ್ಕೆ ಅಡ್ಡದ ಅಳತೆಗಳ ಸರಾಸರಿಯನ್ನು ಬರೆಯುವುದು ಸರಿಯಾದ ಕ್ರಮ. ಕೆಲವು ಕಡೆ ಆ ಗೆರೆಯನ್ನು ಪಾರದರ್ಶಕ ಟೇಪಿನಿಂದ ಎತ್ತಿ ಕಾಗದಕ್ಕೆ ಅಂಟಿಸಿಯೂ ಇಡುತ್ತಾರೆ, ಇದು ಬಹಳ ಒಳ್ಳೆಯ ಅಭ್ಯಾಸ.

ಈ ಪರೀಕ್ಷೆಯಿಂದ ಇಡೀ ದೇಹಕ್ಕೆ ಪ್ರತಿಕ್ರಿಯೆಯಾಗುವುದು ಬಹಳ ಅಪರೂಪ. ಆದರೂ ಅಡ್ರಿನಲಿನ್ ಮತ್ತು ಅದನ್ನು ಕೊಡಬಲ್ಲ ವೈದ್ಯರು ಇಲ್ಲದ ಜಾಗದಲ್ಲಿ ಇದನ್ನು ಮಾಡಿಸಿಕೊಳ್ಳಬಾರದು, ಮನೆಯಲ್ಲಂತೂ ಮಾಡಿಕೊಳ್ಳಲೇಬಾರದು. ಕಾಯುವಾಗ ಗಂಟಲು ಬಿಗಿದಂತಾದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ, ಮೈಯೆಲ್ಲ ತುರಿಸಿದರೆ ನಾಚಿಕೆಪಡದೆ ಆ ಕ್ಷಣವೇ ಹೇಳಿ. ಮುಗಿದ ಮೇಲೂ ಅರ್ಧ ಗಂಟೆ ಅಲ್ಲಿಯೇ ಕುಳಿತು ಹೊರಡಿ. ಮನೆ ತಲುಪಿದ ಮೇಲೆ ಹಾಗೇನಾದರೂ ಆದರೆ 108ಕ್ಕೆ ಕರೆ ಮಾಡಿ. ಉಬ್ಬುಗಳು ಸಾಮಾನ್ಯವಾಗಿ ಒಂದೆರಡು ಗಂಟೆಗಳಲ್ಲಿ ಇಳಿಯುತ್ತವೆ, ತಣ್ಣೀರು ಬಟ್ಟೆ ಇಟ್ಟರೆ ಸಾಕು. ಕೆಲವರಿಗೆ ರಾತ್ರಿ ಅದೇ ಜಾಗ ಮತ್ತೆ ದಪ್ಪವಾಗಿ ಮರುದಿನ ತಗ್ಗುವುದುಂಟು. ನಿಲ್ಲಿಸಿದ್ದ ಮಾತ್ರೆಗಳನ್ನು ವೈದ್ಯರನ್ನು ಕೇಳಿ ಅಂದೇ ಮತ್ತೆ ಶುರುಮಾಡಬಹುದು.

ವರದಿಯನ್ನು ಓದುವುದು

ಉಪ್ಪುನೀರಿನ ಜಾಗಕ್ಕಿಂತ 3 ಮಿಲಿಮೀಟರ್ ಅಥವಾ ಹೆಚ್ಚು ದೊಡ್ಡದಾದ ಉಬ್ಬನ್ನು ಪಾಸಿಟಿವ್ ಎನ್ನುತ್ತಾರೆ. ವರದಿಯಲ್ಲಿ ಕೂಡಿಸುವ ಚಿಹ್ನೆಗಳನ್ನು ಒಂದು, ಎರಡು, ಮೂರು ಎಂದು ಹಾಕಿ ಕೊಟ್ಟರೆ ಅದಕ್ಕೆ ಒಪ್ಪದೆ, ಎರಡೂ ಸಾಕ್ಷಿ ಹನಿಗಳ ಸಹಿತ ಪ್ರತಿಯೊಂದರ ಅಳತೆಯನ್ನು ಮಿಲಿಮೀಟರ್‌ನಲ್ಲಿ ಬರೆದುಕೊಡಲು ವಿನಂತಿಸಿ. ಸಾರ ತಯಾರಿಸಿದ ಕಂಪೆನಿಯ ಹೆಸರೂ ಇರಲಿ, ಏಕೆಂದರೆ ಸಾರದ ಬಲ ಕಂಪೆನಿಯಿಂದ ಕಂಪೆನಿಗೆ ಬೇರೆಯಾಗಿರುತ್ತದೆ.

ಪಾಸಿಟಿವ್ ಎಂದರೆ ಕಾಯಿಲೆ ಎಂದಲ್ಲ. ಪ್ರತಿಕಾಯ ಇದೆ ಎಂದಷ್ಟೇ. ಬ್ರಹ್ಮಾವರದ ಕಡೆ ಗದ್ದೆಯ ನಡುವೆ ಮನೆಯಿರುವ ಒಬ್ಬರನ್ನು ಕಲ್ಪಿಸಿಕೊಳ್ಳಿ: ಹಿಸ್ಟಮಿನ್ 6, ಉಪ್ಪುನೀರು 0, ಗರಿಕೆ 7, ಧೂಳಿನ ಹುಳ 4 ಮಿಲಿಮೀಟರ್. ಅವರ ಪುಸ್ತಕದಲ್ಲಿ ಸೀನು ಶುರುವಾಗುವುದು ಚೌತಿಯ ಆಸುಪಾಸು, ಕಡಿಮೆಯಾಗುವುದು ಡಿಸೆಂಬರ್ ಕೊನೆಗೆ; ಉಳಿದ ತಿಂಗಳು ಹಾಸಿಗೆ ಕೊಡವಿದರೂ ಏನೂ ಇಲ್ಲ. ಇಲ್ಲಿ ಗರಿಕೆಯೇ ಕಾರಣ, ಹುಳದ 4 ಮಿಲಿಮೀಟರನ್ನು ಸದ್ಯಕ್ಕೆ ಬದಿಗಿಡಬಹುದು. ಅದೇ ಅಳತೆಗಳು ಮಂಗಳೂರಿನ ಫ್ಲ್ಯಾಟಿನಲ್ಲಿರುವ, ವರ್ಷವಿಡೀ ಮುಂಜಾನೆ ಸೀನುವ, ಹೊರಗೆ ಹೋದಾಗ ಆರಾಮವಾಗಿರುವ ಒಬ್ಬರಲ್ಲಿ ಬಂದರೆ ಅರ್ಥ ಬೇರೆಯಾಗುತ್ತದೆ: ಗರಿಕೆಯ ಉಬ್ಬು ದೊಡ್ಡದಾಗಿದ್ದರೂ ಚಿಕಿತ್ಸೆ ಹಾಸಿಗೆಯಿಂದಲೇ ಶುರುವಾಗಬೇಕು. ಉಬ್ಬಿನ ಗಾತ್ರ ಹೆಚ್ಚಿದಷ್ಟು ನಿಜವಾದ ಅಲರ್ಜಿಯ ಸಾಧ್ಯತೆ ಹೆಚ್ಚುತ್ತದೆ. ಆದರೆ ಕಾಯಿಲೆ ಎಷ್ಟು ಜೋರಾಗಿದೆ ಎಂಬುದನ್ನು ಅದು ಅಳೆಯುವುದಿಲ್ಲ. ಪುಟ್ಟ ಮಕ್ಕಳಲ್ಲಿಯೂ ವಯಸ್ಸಾದವರಲ್ಲಿಯೂ ಉಬ್ಬು ಚಿಕ್ಕದಾಗಿಯೇ ಏಳುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹುಲ್ಲೇ ಕಾರಣವೆಂದು ಖಚಿತವಾದರೆ, ಮುಂದಿನ ಹಂಗಾಮಿನಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಕೆಲಸವನ್ನು ಬೇರೆಯವರಿಗೆ ಬಿಡುವುದು, ಅಂಗಳದ ಹುಲ್ಲನ್ನು ತೆನೆ ಬರುವ ಮೊದಲೇ ಕತ್ತರಿಸಿಸುವುದು, ಹೊರಗಿನಿಂದ ಬಂದೊಡನೆ ಮುಖ ತೊಳೆದು ಬಟ್ಟೆ ಬದಲಿಸುವುದು, ವೈದ್ಯರು ಹೇಳಿದ ಮೂಗಿನ ಸ್ಪ್ರೇಯನ್ನು ಹೂ ಬಿಡುವುದಕ್ಕೆ ಒಂದೆರಡು ವಾರ ಮೊದಲೇ ಆರಂಭಿಸುವುದು ಸಾಧ್ಯವಾಗುತ್ತದೆ. ಇಷ್ಟರಿಂದ ಹತೋಟಿಗೆ ಬಾರದವರಿಗೆ ಇಮ್ಯುನೊಥೆರಪಿ ಇದೆ. ಪರಾಗದ ಸಾರವನ್ನು ಸ್ವಲ್ಪ ಸ್ವಲ್ಪವಾಗಿ ಚುಚ್ಚುಮದ್ದಿನ ಮೂಲಕ ಕೊಟ್ಟು ದೇಹವನ್ನು ಒಗ್ಗಿಸುವ ಈ ಕ್ರಮವನ್ನು ಲಂಡನ್ನಿನ ಲಿಯೊನಾರ್ಡ್ ನೂನ್ 1911ರಲ್ಲಿ ವರದಿ ಮಾಡಿದ್ದೂ ಹುಲ್ಲಿನ ಪರಾಗದ ಮೇಲೆಯೇ. ಈಗ ನಾಲಿಗೆಯಡಿ ಇಡುವ ರೂಪದಲ್ಲಿಯೂ ಅದು ಇದೆ. ಕನಿಷ್ಠ 3 ವರ್ಷ ಬಿಡದೆ ನಡೆಸಬೇಕಾದ ಚಿಕಿತ್ಸೆಯಾದ್ದರಿಂದ, ಒಪ್ಪುವ ಮೊದಲು ಸೀಸೆಯಲ್ಲಿ ಇರುವುದು ನಿಮ್ಮ ಕೈಯಲ್ಲಿ ಉಬ್ಬಿದ ಮತ್ತು ನಿಮ್ಮ ಪುಸ್ತಕದ ತಿಂಗಳುಗಳಿಗೆ ಹೊಂದುವ ಹುಲ್ಲೇ ಹೌದೇ ಎಂದು ವರದಿಯನ್ನು ಎದುರಿಗಿಟ್ಟುಕೊಂಡು ಕೇಳಿ. ಇಪ್ಪತ್ತು ಬಗೆಯ ಪಾಸಿಟಿವ್‌ಗಳನ್ನೆಲ್ಲ ಒಂದೇ ಸೀಸೆಯಲ್ಲಿ ಬೆರೆಸಿ ಕೊಡುತ್ತೇವೆ ಎಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದೇ ಮೇಲು.